ಮನೆಯಲ್ಲಿ ವಚನಗಳ ಕಂಠಪಾಠ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ತಾವು ಬಾಲ್ಯದಲ್ಲಿ ಕಲಿತ ಸತ್ಯವೇದದ ವಚನಗಳನ್ನು ಮಕ್ಕಳಿಗೂ ಕಲಿಸಬೇಕೆಂಬ ಆಶೆ ಅವರಿಗುಂಟು. ಆದರೆ ಕಲಿಸುವ ಕ್ರಮದ ವಿಷಯವಾಗಿ ನಾವು ಒಂದೆರಡು ಮಾತು ಹೇಳಬೇಕಾಗಿದೆ.

ತಪ್ಪು ಮಾಡಿದ ಮಗುವಿಗೆ ಶಿಕ್ಷೆಯಾಗಿ ಹತ್ತು ವಚನ ಬಾಯಿಪಾಠ ಮಾಡಿಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ಇದನ್ನು ನಾವು ಸರ್ವಥಾ ಒಪ್ಪಲಾರೆವು. ಬೆತ್ತದ ಸ್ಥಾನದಲ್ಲಿ ದೇವರ ವಾಕ್ಯವನ್ನಿಟ್ಟರೆ ಮಗುವು ಬೆತ್ತಕ್ಕೆ ಅಂಜುವಂತೆಯೇ ವಾಕ್ಯಕ್ಕೂ ಅಂಜುವದು. ಬಹುಮಾನಕ್ಕಾಗಿ ಕಲಿತದ್ದು ಬಹುಮಾನ ಕೈಸೇರಿದೊಡನೆ ಮರೆತುಹೋಗುವದುಂಟು. ಆದರೂ ಅದರಿಂದ ಅಷ್ಟು ಕೇಡಿಲ್ಲ.

ಇಪ್ಪತ್ತಮೂರನೆಯ ಕೀರ್ತನೆಯಲ್ಲಿರುವವು 6 ವಚನಗಳು. ವಾರಕ್ಕೊಂದರಂತೆ ಕಲಿತರೆ ಒಂದೂವರೆ ತಿಂಗಳು ಸಾಕು. ಮೊದಲು ಕುರುಬನೂ ಹುಲ್ಲುಗಾವಲೂ ಏನೆಂಬದು ಮಗುವಿಗೆ ತಿಳಿಯಲಿ. ಪಟ್ಟಣದ ಮಗು ಕುರಿಮಂದೆಯನ್ನು ಕಂಡಿರದಿದ್ದರೆ ಕರೆದೊಯ್ದು ತೋರಿಸಿರಿ. ಹೊಸದನ್ನು ಹೇಳಿಕೊಡುವ ಮುಂಚೆ ಹಿಂದಿನವುಗಳನ್ನೆಲ್ಲಾ ಹೇಳಿಸಬೇಕು. 119ನೆಯ ಕೀರ್ತನೆಯ 176 ವಚನಗಳನ್ನು ಕಂಡು ಹೆದರುವವರು ಇದನ್ನು ಗಮನಿಸಲಿ: ಇಬ್ರಿಯ ಮೂಲದಲ್ಲಿ ಅದು ಅಕ್ಷರಕ್ಕೆ ಎಂಟರಂತೆ 22 ಅಕ್ಷರಗಳ ಕ್ರಮದಲ್ಲಿ ರಚಿತವಾಗಿದೆ. ಕನ್ನಡದಲ್ಲಿ ಆ ಅಕ್ಷರಕ್ರಮ ಉಳಿಯದಿದ್ದರೂ ಎಂಟೆಂಟಾಗಿ ಕಲಿಸಲು ಅಡ್ಡಿಯಿಲ್ಲ.

ಕನ್ನಡದಲ್ಲಿ ಈಗ ಒಂದಕ್ಕಿಂತ ಹೆಚ್ಚು ಭಾಷಾಂತರಗಳಿವೆ. ಅಜ್ಜಿ ಒಂದನ್ನೂ ಮೊಮ್ಮಗಳು ಇನ್ನೊಂದನ್ನೂ ಹೇಳಿದರೆ ನಾಲಿಗೆ ತಡವರಿಸುವದು ಸಹಜ. ಮನೆಯವರೆಲ್ಲರೂ ಒಂದನ್ನೇ ಹಿಡಿದುಕೊಳ್ಳಲಿ. ತಾಯಿತಂದೆಗಳು ತಾವೇ ಪುಸ್ತಕ ಹಿಡಿದು ಮಗುವನ್ನು ಮಾತ್ರ ಪರೀಕ್ಷಿಸದೆ, ಪುಸ್ತಕವನ್ನು ಅದರ ಕೈಗೆ ಕೊಟ್ಟು ತಾವೂ ಪಾಠ ಒಪ್ಪಿಸಲಿ. ತಪ್ಪಿದಲ್ಲಿ ಮಗುವೇ ತಿದ್ದಲಿ.