ಮಗು ತಂದ ಕಲ್ಲು

ಬಯಲಿನಿಂದ ಮಗು ಎಲೆಯ ಅಚ್ಚುಳ್ಳ ಕಲ್ಲೊಂದನ್ನು ತಂದರೆ ಗದರಿ ಎಸೆಯಿಸುವುದು ನಮ್ಮವರ ರೂಢಿ. ಇದು ಸಲ್ಲದು. ಪಲ್ಲಾವರದ ಕರಿಗಲ್ಲು ಭೂಗರ್ಭದ ಕಡುಕಾವಿನಲ್ಲಿ ರೂಪುಗೊಂಡದ್ದು. ಅದರಲ್ಲಿ ಪಳೆಯುಳಿಕೆ ಇರಲಾರದು. ಆದರೆ ಶ್ರೀಪೆರುಂಬುದೂರಿನ ಜೇಡಿಪದರಗಳಲ್ಲಿ ಹತ್ತು ಕೋಟಿ ವರ್ಷಗಳಿಗೂ ಹಿಂದಿನ ಎಲೆಗಳ ಅಚ್ಚುಗಳಿವೆ. ಬಿರುಕಿನಲ್ಲಿ ಹಬ್ಬಿದ ಖನಿಜದ ಕವಲುಗೆರೆಗಳೂ ಸಸ್ಯದಂತೆ ತೋರಿ ಮೋಸಗೊಳಿಸುವುದುಂಟು. ಎಲೆಯಾದರೆ ನಡುನರ, ಅಂಚು ಕಾಣಬೇಕು.

1863ರಲ್ಲಿ ಪಲ್ಲಾವರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎತ್ತಿಕೊಂಡ ಕಲ್ಲೊಂದು ಶಿಲಾಯುಗದ ಆಯುಧವೆಂದು ತಿಳಿದು, ಈ ನಾಡಿನ ಚರಿತ್ರೆಯೇ ಹಿಂದೆ ಸರಿಯಿತು. ಆದುದರಿಂದ ಮಹನೀಯರೇ, ಕಲ್ಲನ್ನು ಉಜ್ಜಿ ತೊಳೆಯದೆ, ಸಿಕ್ಕಿದ ಸ್ಥಳವನ್ನೂ ದಿನವನ್ನೂ ಬರೆದಿಟ್ಟು, ಬಿಡುವಿನ ದಿನ ಮಗುವಿನೊಡನೆ ಎಗ್ಮೋರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಒಯ್ದು ಬಲ್ಲವರನ್ನು ಕೇಳಿರಿ. ಅದು ಬರಿಯ ಕಲ್ಲೇ ಆದರೂ ನಷ್ಟವಿಲ್ಲ. ಕೇಳುವ ಮಗುವಿನ ಬಾಯಿ ಮುಚ್ಚಿಸಿದರೆ ಆಗುವ ನಷ್ಟ ತುಂಬಲಾರದ್ದು.