ಜಡ್ಡಿಗೆ ಕಾಲುವೆ ಹೊಡೆಯಬೇಡಿ

ಅಟ್ಲಾಂಟಾದಲ್ಲಿರುವ ಮಗ ಈ ಸಲ ಆರ್‌ವಿ ಬಾಡಿಗೆಗೆ ತಂದಿದ್ದ. ಒಲೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಗಾಡಿ. ಜಾರ್ಜಿಯಾದ ದಕ್ಷಿಣದ ಅಂಚಿನಲ್ಲಿರುವ ಸ್ಟೀಫನ್ ಸಿ. ಫಾಸ್ಟರ್ ಸ್ಟೇಟ್ ಪಾರ್ಕಿನಲ್ಲಿ ಮೂರು ರಾತ್ರಿ ಉಳಿದೆವು. ಫಾರ್ಗೋ ಎಂಬ ಸಣ್ಣ ಊರು ದಾಟಿ ಸುಮಾರು 28 ಕಿ.ಮೀ. ಕಾಡುದಾರಿ. ರಾತ್ರಿ ಗೇಟಿಗೆ ಬೀಗ. ಸುತ್ತ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ ಓಕೆಫೆನೋಕಿ ಜೌಗು.

ದೀಪ ಆರಿಸಿದರೆ ಕಪ್ಪೆಗಳ ಸದ್ದು ಗಾಡಿಯ ಗೋಡೆಗೇ ಬಡಿದಂತಾಗುತ್ತಿತ್ತು. ಬೆಳಿಗ್ಗೆ ದೋಣಿಯಲ್ಲಿ ಹೋದಾಗ ದಡದಲ್ಲಿ ಅಲಿಗೇಟರ್‌ಗಳು ಬಿಸಿಲು ಕಾಯಿಸುತ್ತಿದ್ದವು. ಸೈಪ್ರೆಸ್ ಮರಗಳಿಂದ ಬೂದುಬಣ್ಣದ ಜಡೆಗಳು ಇಳಿಬಿದ್ದಿದ್ದವು. ಮೊಮ್ಮಗ ಕೇಳಿದ: ‘ಅಜ್ಜಿ, ನೀರು ಯಾಕೆ ಕಷಾಯದ ಹಾಗಿದೆ?’ ನನಗೆ ಕಂಡದ್ದು ಅಡಿಕೆ ಬೇಯಿಸಿದ ಚೊಗರು. ಎರಡಕ್ಕೂ ಬಣ್ಣ ಕೊಡುವುದು ಟ್ಯಾನಿನ್ನೇ. ಇಲ್ಲಿ ಅದು ಕೊಳೆತ ಎಲೆ, ಬೇರುಗಳಿಂದ ಇಳಿದದ್ದು. ಇದೇ ನೀರು ಸುವಾನೀ ನದಿಯಾಗಿ ಮೆಕ್ಸಿಕೋ ಕೊಲ್ಲಿ ಸೇರುತ್ತದೆ.

ಈ ಜೌಗನ್ನೂ ದಂಡದ ನೆಲ ಎಂದವರಿದ್ದರು. 1891ರಲ್ಲಿ ಒಂದು ಕಂಪನಿ ಇದನ್ನು ಕೊಂಡು, ಬರಿದು ಮಾಡಲು ಕಾಲುವೆ ತೋಡಿತು. ಜೌಗು ಬತ್ತಲಿಲ್ಲ, ಕಂಪನಿ ಸೋತಿತು. ಆಮೇಲೆ ಬಂದವರು ಸೈಪ್ರೆಸ್ ಕಡಿದರು. 1937ರಲ್ಲಷ್ಟೇ ಇದು ವನ್ಯಜೀವಿ ಆಶ್ರಯವಾಯಿತು. ಈಚೆಗೆ ಪೂರ್ವದ ಮರಳುದಿಬ್ಬದಲ್ಲಿ ಟೈಟಾನಿಯಂ ಗಣಿ ತೆಗೆಯಲು ಹೊರಟಿದ್ದರು. ಆ ದಿಬ್ಬ ಕೆರೆಗೆ ಏರಿ ಇದ್ದಂತೆ. ಅದನ್ನು ಕೆದಕಿದರೆ ನೀರು ನಿಲ್ಲುತ್ತದೆಯೇ? 2025ರಲ್ಲಿ ಒಂದು ಸಂರಕ್ಷಣಾ ಸಂಸ್ಥೆ ಆ ಜಾಗವನ್ನೇ ಕೊಂಡು ಗಣಿ ತಪ್ಪಿಸಿತು.

ಇದೆಲ್ಲ ಕೇಳುವಾಗ ನನಗೆ ಸಿದ್ದಾಪುರದ ನಮ್ಮ ಮನೆಯೇ ಕಣ್ಣಮುಂದೆ. ತೋಟದ ಮೇಲ್ಗಡೆ ರಾಂಪತ್ರೆ ಜಡ್ಡಿ, ಅಂದರೆ ರಾಂಪತ್ರೆ ಮರಗಳ ಜೌಗು, ಇತ್ತು. ಕೆಸರಿನಿಂದ ಮೊಣಕಾಲಿನಂತೆ ಮೇಲೆದ್ದ ಬೇರುಗಳು. ಚಿಕ್ಕಂದಿನಲ್ಲಿ ಅವುಗಳ ಮೇಲೆ ಕೂತು ಕಾಲು ಇಳಿಬಿಡುತ್ತಿದ್ದೆವು. ಅಪ್ಪಯ್ಯ ಆ ಜಡ್ಡಿಗೆ ಬಸಿಗಾಲುವೆ ಹೊಡೆಸಿ ಅಡಿಕೆ ಸಸಿ ನೆಟ್ಟರು. ಆಗ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಅಲ್ಲಿಂದಿಳಿದು ಬೇಸಿಗೆಯಿಡೀ ಹರಿಯುತ್ತಿದ್ದ ಹಳ್ಳ ಕೆಲವೇ ವರ್ಷಗಳಲ್ಲಿ ಶಿವರಾತ್ರಿಗೇ ಒಣಗತೊಡಗಿತು. ಈಗ ಅದೇ ತೋಟಕ್ಕೆ ಬೋರ್‌ವೆಲ್ ನೀರು.

ನಮ್ಮ ಸೀಮೆಯ ಕತ್ತಲೆಕಾನಿನಂಥ ಕೆಲವೆಡೆ ಜಡ್ಡಿಗಳು ಇನ್ನೂ ಉಳಿದಿವೆ. ಅವು ಓಕೆಫೆನೋಕಿಯಷ್ಟು ದೊಡ್ಡವಲ್ಲ, ಹಲವು ಒಂದೆರಡು ಎಕರೆಯವು. ಒಬ್ಬ ಮನುಷ್ಯ ಒಂದು ಬೇಸಿಗೆಯಲ್ಲಿ ಮುಗಿಸಿಬಿಡಬಹುದಾದಷ್ಟು ಸಣ್ಣವು. ನಿಮ್ಮ ತೋಟದ ತಲೆಯ ಮೇಲೆ ಅಂಥದೊಂದು ಇದ್ದರೆ, ದಯವಿಟ್ಟು ಅಲ್ಲಿಗೆ ಗುದ್ದಲಿ ಒಯ್ಯಬೇಡಿ.