ಕಂದು ಚುಕ್ಕೆ ಕಂಡ ಕೂಡಲೇ ಮದ್ದು ಬಿಡಬೇಡಿ, ಮಾರಾಯ್ರೆ!

ಮುಂಬಯಿಯ ನಮ್ಮ ಕನ್ನಡಿಗರ ಬಾಲ್ಕನಿಗಳಲ್ಲಿ ಈಗ ಹೊಸದೊಂದು ಚಟ ಶುರುವಾಗಿದೆ. ಲೋಳೆಸರದ ಎಲೆಯ ಮೇಲೆ ಒಂದು ಕಂದು ಚುಕ್ಕೆ ಕಂಡಿತೋ, "ಫಂಗಸ್ ಬಂದಿದೆ" ಎಂದು ಮನೆಮಂದಿಯೆಲ್ಲ ಸೇರಿ ತೀರ್ಪು ಕೊಡುತ್ತಾರೆ. ಸಂಜೆಯೊಳಗೆ ನರ್ಸರಿಯಿಂದ ಒಂದು ಪೊಟ್ಟಣ ಪುಡಿ ಬರುತ್ತದೆ, ಹಳೇ ಕಾಲಿನ್ ಬಾಟಲಿಯಲ್ಲಿ ಕಲಸಿ ಚಿಸ್ ಚಿಸ್ ಎಂದು ಹೊಡೆದದ್ದೂ ಆಗುತ್ತದೆ. ಅಲ್ಲಿಗೆ ಗೃಹಕೃತ್ಯ ಮುಗಿಯಿತು.

ನಾನು ಬ್ಯಾಂಕಿನವನು, ಓದಿದ್ದು ಬಿ.ಕಾಂ. ಸಸ್ಯಶಾಸ್ತ್ರಕ್ಕೂ ನನಗೂ ಸಂಬಂಧ ಹೈಸ್ಕೂಲಿನಲ್ಲೇ ಮುಗಿದದ್ದು. ಆದರೆ ಡೊಂಬಿವಲಿಯ ಈ ಗ್ರಿಲ್ಲಿನೊಳಗೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಕುಂಡ ಇಟ್ಟವನು. ನಮ್ಮಲ್ಲಿ ಯಾರಾದರೂ ಒಂದು ಕಂತು ಕಟ್ಟದಿದ್ದರೆ ಮರುದಿನವೇ ಮನೆ ಜಪ್ತಿಗೆ ಹೋಗುವುದಿಲ್ಲ. ಮೊದಲು ಖಾತೆ ತೆರೆದು ನೋಡುತ್ತೇವೆ. ಸಂಬಳ ಬೇರೆ ಬ್ಯಾಂಕಿಗೆ ಹೋಗಿದೆಯಾ, ಮನೆಯಲ್ಲಿ ಕಾಯಿಲೆಯಾ, ಅಥವಾ ಆಸಾಮಿಯೇ ಟೋಪಿ ಹಾಕಿದನಾ? ಕಂತು ತಪ್ಪಿದ್ದು ಒಂದೇ, ಕಾರಣ ಮೂರು, ಕ್ರಮವೂ ಮೂರು. ಗಿಡದ ಚುಕ್ಕೆಗೆ ಮಾತ್ರ ಎಲ್ಲಕ್ಕೂ ಒಂದೇ ಪುಡಿ ಹೇಗೆ ಸಾಕಾಗುತ್ತದೆ?

ಈ ಅಭ್ಯಾಸ ಎಲ್ಲಿಂದ ಬಂತೆಂದು ನನಗೊಂದು ಗುಮಾನಿ ಇದೆ. ನಾವು ಕರಾವಳಿಯ ಅಡಿಕೆ ತೋಟದ ಕಡೆಯವರು. ಮಳೆಗಾಲ ಎಂದರೆ ಕೊಳೆರೋಗ, ಕೊಳೆರೋಗ ಎಂದರೆ ಬೋರ್ಡೋ ದ್ರಾವಣ, "ಮದ್ದು ಬಿಡುವುದು" ನಮ್ಮ ರಕ್ತದಲ್ಲೇ ಇದೆ. ಆದರೆ ಊರಿನಲ್ಲಿ ಅಪ್ಪ ಮದ್ದು ಬಿಡಿಸುತ್ತಿದ್ದದ್ದು ಯಾವ ರೋಗಕ್ಕೆ ಎಂದು ಗೊತ್ತಿದ್ದೇ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ, ಸುಣ್ಣ ಮೈಲುತುತ್ತದ ಲೆಕ್ಕ ಸಮೇತ. ಆ ಶಿಸ್ತು ಊರಿನಲ್ಲೇ ಉಳಿಯಿತು, ಪಂಪು ಮಾತ್ರ ನಮ್ಮ ಜೊತೆ ರೈಲು ಹತ್ತಿತು!

ಸರಿ, ಚುಕ್ಕೆಗೆ ಬರೋಣ. ಏಪ್ರಿಲ್-ಮೇಯಲ್ಲಿ ನನಗೆ ತೋರಿಸುವ ಚುಕ್ಕೆಗಳಲ್ಲಿ ಹೆಚ್ಚಿನವು ಬರೀ ಬಿಸಿಲಿನ ಸುಟ್ಟಗಾಯ. ನರ್ಸರಿಯವರು ಗಿಡವನ್ನು ಹಸಿರು ಬಲೆಯ ನೆರಳಲ್ಲಿ ಬೆಳೆಸಿರುತ್ತಾರೆ. ನಾವು "ಕಳ್ಳಿ ಜಾತಿಯಲ್ವಾ, ಬಿಸಿಲು ಬೇಕು" ಎಂದು ತಂದ ದಿನವೇ ಪಡುವಣ ಬಾಲ್ಕನಿಯ ಉರಿಗೆ ಇಡುತ್ತೇವೆ. ಎರಡು ದಿನದಲ್ಲಿ ಬಿಸಿಲು ಬೀಳುವ ಮಗ್ಗುಲಲ್ಲಿ ಮಾತ್ರ ಕಂದು ತೇಪೆ. ಮುಟ್ಟಿದರೆ ಒಣ, ಕಾಗದದ ಹಾಗೆ ಗಟ್ಟಿ. ಇದು ಹರಡುವುದಿಲ್ಲ, ಮಾಯುವುದೂ ಇಲ್ಲ. ಆ ಎಲೆ ಉದುರುವ ತನಕ ಕಲೆ ಹಾಗೇ ಇರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ರೈಟ್ ಆಫ್ ಆದ ಹಳೇ ಸಾಲ, ಅದಕ್ಕೆ ನೋಟೀಸು ಕಳಿಸಿ ಏನು ಪ್ರಯೋಜನ? ಗಿಡವನ್ನು ಒಂದಿಷ್ಟು ಒಳಗೆ ಸರಿಸಿ, ವಾರ ವಾರ ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ಒಗ್ಗಿಸಿದರೆ ಮುಗಿಯಿತು. (ಲೋಳೆಸರದ ಇಡೀ ಎಲೆಯೇ ಕೆಂಪು-ಕಂದಾಗಿದ್ದರೆ ಅದು ಗಾಯವೂ ಅಲ್ಲ. ಹೆಚ್ಚು ಬಿಸಿಲಿಗೆ ಅದು ಬಣ್ಣ ಬದಲಿಸುತ್ತದೆ, ನೆರಳಿಗೆ ತಂದರೆ ಮತ್ತೆ ಹಸಿರು.)

ಇಲ್ಲೇ ಇರುವುದು ಮೋಸದ ಗುಟ್ಟು. ಸುಟ್ಟಗಾಯ ಪುಡಿ ಹೊಡೆದರೂ ಹರಡುವುದಿಲ್ಲ, ಹೊಡೆಯದಿದ್ದರೂ ಹರಡುವುದಿಲ್ಲ. ಆದರೆ ಪುಡಿ ಹೊಡೆದವರು "ನೋಡಿ, ಅಲ್ಲಿಗೇ ನಿಂತಿತು!" ಎಂದು ಇಡೀ ಸೊಸೈಟಿಗೆ ಸಾರುತ್ತಾರೆ. ಮುಂದಿನ ಹತ್ತು ಮನೆಗೆ ಅದೇ ಪುಡಿ. ಕ್ರೆಡಿಟ್ ಯಾರ ಖಾತೆಗೆ ಹೋಯಿತು ಎಂದು ನೋಡುವ ಆಡಿಟರ್ ಇಲ್ಲಿ ಇಲ್ಲವಲ್ಲ.

ಹರಡುತ್ತಿದೆಯೋ ಇಲ್ಲವೋ ತಿಳಿಯಲು ಪೈಸೆ ಖರ್ಚಿಲ್ಲದ ಉಪಾಯವಿದೆ. ಚುಕ್ಕೆಯ ಅಂಚಿಗೆ ಸ್ಕೆಚ್ ಪೆನ್ನಿನಲ್ಲಿ ಹಗುರಾಗಿ ಗೆರೆ ಎಳೆಯಿರಿ, ಕ್ಯಾಲೆಂಡರಿನಲ್ಲಿ ತಾರೀಕು ಬರೆದಿಡಿ. ಹತ್ತು ದಿನ ಬಿಟ್ಟು ನೋಡಿ. ಗೆರೆ ದಾಟದಿದ್ದರೆ ಬಿಟ್ಟುಬಿಡಿ.

ಪುಣೆಯಲ್ಲಿರುವ ಚಿಕ್ಕಪ್ಪನ ಮಗಳು ಹೋದ ಜುಲೈಯಲ್ಲಿ ಫೋನ್ ಮಾಡಿದಳು. "ಅಣ್ಣಾ, ಜೇಡ್ ಗಿಡಕ್ಕೆ ತುಕ್ಕು ರೋಗ ಬಂದಿದೆ, ಯಾವ ಮದ್ದು ಬಿಡಲಿ?"

"ಉಗುರಿನಲ್ಲಿ ಕೆರೆದು ನೋಡಿದ್ಯಾ?"

"ಇಲ್ಲಪ್ಪ, ಹೇಸಿಗೆ ಆಗ್ತದೆ."

"ನೀರು?"

"ದಿನಾ ಬೆಳಿಗ್ಗೆ ಹಾಕ್ತೇನೆ. ಪಾಪ, ಒಣಗಬಾರದಲ್ವಾ?"

ಈ "ಪಾಪ" ಇದೆಯಲ್ಲ, ಇದು ಕೊಂದಷ್ಟು ಗಿಡಗಳನ್ನು ಯಾವ ಬೂಷ್ಟೂ ಕೊಂದಿರಲಿಕ್ಕಿಲ್ಲ. ಕೊನೆಗೂ ಕೆರೆದಳು. ಏಳಲಿಲ್ಲ. ಎಲೆಯ ಅಡಿಭಾಗದಲ್ಲಿ ಬೆಂಡಿನ ಹಾಗೆ ಗಡುಸಾದ ಕಂದು ಗುಳ್ಳೆಗಳು. ಮಳೆಗಾಲದ ತೇವದ ಗಾಳಿಯಲ್ಲಿ ಎಲೆಯಿಂದ ನೀರು ಆವಿಯಾಗುವುದು ಕಡಿಮೆ. ಬೇರು ಮಾತ್ರ ಕುಂಡದಲ್ಲಿರುವುದನ್ನೆಲ್ಲ ಹೀರುತ್ತಲೇ ಇರುತ್ತದೆ. ಒಳಗಿನ ಜೀವಕೋಶಗಳು ಉಬ್ಬಿ ಒಡೆಯುತ್ತವೆ, ಒಡೆದ ಜಾಗ ಬೆಂಡುಗಟ್ಟುತ್ತದೆ. ಇಡೀಮಾ ಎನ್ನುತ್ತಾರೆ. ರೋಗವೇ ಅಲ್ಲದ್ದಕ್ಕೆ ಮದ್ದೆಲ್ಲಿಂದ ತರುವುದು? ನೀರು ನಿಲ್ಲಿಸು, ಗಾಳಿ ಆಡುವಲ್ಲಿ ಇಡು ಎಂದೆ.

ಕೆರೆದಾಗ ಚುಕ್ಕೆಯೇ ಕಿತ್ತು ಬಂದಿದ್ದರೆ ಕತೆ ಬೇರೆ. ಆಗ ಅದು ಚುಕ್ಕೆಯಲ್ಲ, ಶಲ್ಕ ಕೀಟ. ಕಂದು ಚಿಪ್ಪು ಹೊದ್ದು ಒಂದೇ ಕಡೆ ಅಂಟಿ ಕೂತು ರಸ ಹೀರುತ್ತದೆ. ಎಲೆ ಅಂಟಂಟಾಗಿ ಇರುವೆ ಹತ್ತಿದ್ದರೆ ಇದೇ ಎಂದು ಹೆಚ್ಚುಕಡಿಮೆ ಹೇಳಬಹುದು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಬೇಕು, ವಾರಕ್ಕೊಮ್ಮೆ, ನಾಲ್ಕೈದು ವಾರ. ಬೂಷ್ಟಿನ ಮದ್ದನ್ನು ಹುಳಕ್ಕೆ ಹೊಡೆದರೆ ಹುಳ ನಗುತ್ತದೆ ಅಷ್ಟೇ.

ನಿಜವಾಗಿ ಹೆದರಬೇಕಾದ ಕಂದು ಮೆತ್ತಗಿರುತ್ತದೆ. ಬುಡದ ಎಲೆಯಿಂದ ಶುರುವಾಗಿ, ಮೊದಲು ಗಾಜಿನ ಹಾಗೆ ಪಾರದರ್ಶಕವಾಗಿ, ಆಮೇಲೆ ಕಂದಾಗಿ, ಒತ್ತಿದರೆ ನೀರು ಬರುವಂಥದ್ದು. ಬೇರು ಕೊಳೆತಿದೆ. ಕುಂಡದಿಂದ ಕಿತ್ತು ಮೂಸಿದರೆ ಗೊತ್ತಾಗುತ್ತದೆ. ಕೊಳೆತದ್ದನ್ನೆಲ್ಲ ಕತ್ತರಿಸಿ, ಐದಾರು ದಿನ ನೆರಳಲ್ಲಿ ಗಾಯ ಒಣಗಿಸಿ, ಜಲ್ಲಿ-ಮರಳು ಜಾಸ್ತಿಯಿರುವ ಮಣ್ಣಿಗೆ ನೆಡಬೇಕು. ನರ್ಸರಿಯ ಕೋಕೋಪೀಟ್ ಸ್ಪಂಜಿನ ಹಾಗೆ ನೀರು ಹಿಡಿದಿರುತ್ತದೆ, ಅದನ್ನು ಬೇರಿನಿಂದ ಬಿಡಿಸದೆ ಏನು ಹೊಡೆದರೂ ವ್ಯರ್ಥ. ಜೇಡ್ ದಕ್ಷಿಣ ಆಫ್ರಿಕಾದ ಒಣ ಕಲ್ಲುಗುಡ್ಡದ ಗಿಡ, ಎಚೆವೇರಿಯಾ ಮೆಕ್ಸಿಕೋ ಕಡೆಯದು. ನಮ್ಮದೋ, ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರ್ ದಾಟುವ ಊರು, 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಊರು. ಇಲ್ಲಿ ಅವಕ್ಕೆ ಛತ್ರಿ ಹಿಡಿಯಬೇಕೇ ಹೊರತು ಚೊಂಬು ಹಿಡಿಯುವುದಲ್ಲ.

ನಂಬಿಕೆ ಬರದಿದ್ದರೆ ನಿಮ್ಮ ಬಾಗಿಲ ಮೇಲೆ ನೋಡಿ. ದೃಷ್ಟಿ ತಾಗಬಾರದೆಂದು ಲೋಳೆಸರವನ್ನು ಬುಡಮೇಲು ಮಾಡಿ ಕಟ್ಟಿದ್ದೀರಲ್ಲ? ಮಣ್ಣಿಲ್ಲ, ನೀರಿಲ್ಲ, ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಚಿಕ್ಕವರಿದ್ದಾಗ ಪುಸ್ತಕದೊಳಗೆ ಇಟ್ಟ ಕಾಡುಬಸಳೆ ಎಲೆ ಅಂಚಿನಲ್ಲಿ ಮರಿ ಹಾಕಿದ್ದು ಮರೆತಿರಾ? ಅದಕ್ಕೆ ದಿನಾ ನೀರು ಹಾಕಿದ್ದು ಯಾರು?

ಹಾಗಾದರೆ ಬೂಷ್ಟು ರೋಗ ಬರುವುದೇ ಇಲ್ಲವೇ ಎಂದರೆ ಬರುತ್ತದೆ. ಚುಕ್ಕೆ ಗುಂಡಗಿದ್ದು, ನಡುವೆ ತಗ್ಗಾಗಿ, ದಿನದಿಂದ ದಿನಕ್ಕೆ ದೊಡ್ಡದಾಗಿ ಪಕ್ಕದ ಎಲೆಗೂ ದಾಟುತ್ತಿದ್ದರೆ ಅನುಮಾನ ಪಡಬೇಕಾದ್ದೇ. ಆಗಲೂ ಮೊದಲ ಕೆಲಸ ಆ ಎಲೆ ಕತ್ತರಿಸಿ ಎಸೆಯುವುದು, ಕುಂಡವನ್ನು ಬೇರೆಯಿಡುವುದು, ಎಲೆಯ ಮೇಲೆ ನೀರು ಬೀಳದ ಹಾಗೆ ನೋಡಿಕೊಳ್ಳುವುದು. ಅದಕ್ಕೂ ಬಗ್ಗದಿದ್ದರೆ ಮದ್ದು. ಇದಕ್ಕೆ ನನ್ನ ವಿರೋಧವಿಲ್ಲ.

ನನ್ನ ಸಿಟ್ಟು ಬೇರೆ ಕಡೆಗಿದೆ. ನಮ್ಮ ಬಡಾವಣೆಯಲ್ಲಿ ಆ ಪುಡಿಯನ್ನು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕೊಡುತ್ತಾರೆ. ಹೆಸರಿಲ್ಲ, ಪ್ರಮಾಣ ಬರೆದಿಲ್ಲ, ಗ್ಲೌಸ್-ಮಾಸ್ಕ್ ಹಾಕಿಕೊಳ್ಳಿ ಎಂಬ ಎಚ್ಚರಿಕೆಯೂ ಇಲ್ಲ. ಅದನ್ನು ಹೊಡೆಯುವ ಬಾಲ್ಕನಿಗೆ ಒಂದು ಕಡೆ ಅಡುಗೆಮನೆಯ ಕಿಟಕಿ, ತಲೆ ಮೇಲೆ ಮೊಮ್ಮಗುವಿನ ಬಟ್ಟೆ ಒಣಗುವ ಹಗ್ಗ. ಇನ್ನು ಗಿಡ ಯಾವುದು? ಲೋಳೆಸರ. ಭಾನುವಾರ ಹೊಡೆದವರು ಗುರುವಾರ ಅದೇ ಎಲೆ ಸೀಳಿ ಮುಖಕ್ಕೆ ಹಚ್ಚುತ್ತಾರೆ, ಕೆಲವರು ಬೆಳಿಗ್ಗೆ ಬರೀ ಹೊಟ್ಟೆಗೆ ರಸ ಕುಡಿಯುತ್ತಾರೆ. ಆರೋಗ್ಯಕ್ಕೆ ಒಳ್ಳೆಯದಂತೆ!

ಅಂಗಡಿಯವನನ್ನು ದೂರಿ ಫಲವಿಲ್ಲ. ಅವನು ಪುಡಿ ಮಾರಬೇಕು, ಗಿಡ ಸತ್ತರೆ ಇನ್ನೊಂದು ಗಿಡವನ್ನೂ ಮಾರಬೇಕು. ಟಾರ್ಗೆಟ್ ಎಂದರೆ ಏನೆಂದು ಬ್ಯಾಂಕಿನವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೇಳಬೇಕಾದವರು ನಾವು. ಮುಂದಿನ ಸಲ ಪೊಟ್ಟಣ ಕೈಗೆ ಕೊಟ್ಟಾಗ ಇಷ್ಟು ಕೇಳಿ ನೋಡಿ: ಇದು ಯಾವ ರೋಗಕ್ಕೆ, ಪುಡಿಯ ಹೆಸರೇನು, ಲೀಟರಿಗೆ ಎಷ್ಟು ಗ್ರಾಂ, ಹೊಡೆದ ಎಲೆಯನ್ನು ಎಷ್ಟು ದಿನ ಮುಟ್ಟಬಾರದು? ನಾನು ಕೇಳಿದಾಗ ನಮ್ಮ ಕಡೆಯ ಅಂಗಡಿಯವನು "ಕಾಕಾ, ನೀವು ಸರ್ಕಾರದಿಂದ ಬಂದವರಾ?" ಎಂದ.